ಗಳದ ಮೇಲಿನ ಸಂಸಾರ

ಆಷಾಢದ ಕೊನೆಯ ಬುಧವಾರ, ಬೆಳಗಿನ ಐದೂವರೆ ಗಂಟೆ, ಸಾಗರದ ನಮ್ಮ ಬಾಡಿಗೆ ಮನೆಯ ನಡುಮನೆ. ಹಾಜರಿದ್ದವರು: ನಾನು, ಮತ್ತು ಬಿದಿರಿನ ಗಳಗಳ ಮೇಲೆ ಇಡೀ ಸಂಸಾರ. ನನ್ನ ಅಣ್ಣನ ಮಗ ರಾಘವ ಎರಡು ಅಂಗಿಗಳಾಗಿ ತೋಳು ಇಳಿಬಿಟ್ಟುಕೊಂಡು ನೇತಾಡುತ್ತಿದ್ದ. ಅವನ ಹೆಂಡತಿ ಸುಮಿತ್ರೆ ಹಸಿರು ಸೀರೆಯಾಗಿ ಗೋಡೆಯಿಂದ ಗೋಡೆಗೆ ಹರಡಿಕೊಂಡಿದ್ದಳು. ಹೆಣ್ಣುಮಕ್ಕಳಿಬ್ಬರು ಶಾಲೆಯ ನೀಲಿ ಲಂಗಗಳಾಗಿ ಮೂಲೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡಿದ್ದರು. ಇವರ ನಿಜವಾದ ದೇಹಗಳು ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದವು. ನಾನು ಒಬ್ಬೊಬ್ಬರ ಅಂಚನ್ನೂ ಮುಟ್ಟಿ, ಮಗ್ಗುಲು ಬದಲಾಯಿಸಿ, ಮುಂದಕ್ಕೆ ಹೋದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಈ ಮನೆಯವರೊಡನೆ ನಾನು ಹೆಚ್ಚು ಹೊತ್ತು ಕಳೆಯುವುದು ಅವರು ಹೀಗೆ ಗಳದ ಮೇಲೆ ಇರುವಾಗಲೇ. ಆಗ ಅವರಿಗೂ ಅವಸರವಿರುವುದಿಲ್ಲ, ನನಗೂ ಮಾತು ಹುಡುಕುವ ಕಷ್ಟವಿರುವುದಿಲ್ಲ.

ಗಂಟೆಯ ಲೆಕ್ಕದಲ್ಲಿ ಬದುಕಿದವಳು ನಾನು. ಮದುವೆಯಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಗಂಡ ತೀರಿಕೊಂಡ. ಅಣ್ಣ ಹಟ ಹಿಡಿದು ಓದಿಸಿದ. ಆಮೇಲೆ ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಏಳುವುದಕ್ಕೆ ಗಂಟೆ, ಮೀಯುವುದಕ್ಕೆ ಗಂಟೆ, ಓದುವುದಕ್ಕೆ ಗಂಟೆ. ಮಳೆಗಾಲದಲ್ಲಿ ಇವೆಲ್ಲದರ ಜೊತೆಗೆ ಒಣಹಾಕಿದ ಬಟ್ಟೆಯನ್ನು ತಿರುವಿ ಹಾಕುವುದಕ್ಕೂ ಒಂದು ಗಂಟೆ. ಅದನ್ನು ಜಾರಿಗೆ ತಂದವಳು ನಾನೇ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಗಂಟೆಯಮ್ಮ ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಅದು ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಹಾಗೆಯೇ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು.

ನಿವೃತ್ತಳಾದ ಮೇಲೆ ರಾಘವ ಬಂದು ತನ್ನ ಮನೆಗೆ ಕರೆದುಕೊಂಡು ಹೋದ. ಬಂದ ಮರುದಿನವೇ ನಾನು ಈ ಮನೆಯಲ್ಲಿ ಯಾವ ಹುದ್ದೆ ಖಾಲಿ ಇದೆ ಎಂದು ನೋಡಿದೆ. ಅಡುಗೆಮನೆ ಸುಮಿತ್ರೆಯದು, ಬಾವಿಕಟ್ಟೆಯ ಒಗೆಯುವ ಕಲ್ಲೂ ಅವಳದೇ. ಮಕ್ಕಳ ಪಾಠಕ್ಕೆ ರಾಘವನಿದ್ದ. ತಪ್ಪು ಲೆಕ್ಕ ಹೇಳಿಕೊಟ್ಟರೂ ಅಪ್ಪ ಅಪ್ಪನೇ. ಖಾಲಿ ಇದ್ದದ್ದು ಒಣಗಿಸುವ ಕೆಲಸ ಒಂದೇ. ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳು ಅದು. ಒಗೆದ ಬಟ್ಟೆಗಳು ಕುರ್ಚಿ, ಬಾಗಿಲು, ಕಿಟಕಿ, ಕೊಡೆಯ ಹಿಡಿಕೆಗಳ ಮೇಲೆ ಮುಗ್ಗುಲು ವಾಸನೆ ಬೀರುತ್ತ ಅನಾಥವಾಗಿ ಬಿದ್ದಿದ್ದವು. ಯಾರನ್ನೂ ಕೇಳದೆ ಅಧಿಕಾರ ವಹಿಸಿಕೊಂಡೆ.

ಮಲೆನಾಡಿನಲ್ಲಿ ಬಟ್ಟೆ ತಾನಾಗಿ ಒಣಗುವುದಿಲ್ಲ, ಅದನ್ನು ಒಣಗಿಸಬೇಕು. ಮೊದಲು ಜಗಲಿಯ ಗಳ. ಅಲ್ಲಿ ನೀರು ಸೋರುವಷ್ಟು ಸೋರಲಿ. ಆಮೇಲೆ ನಡುಮನೆಯ ಗಳ. ಅಲ್ಲಿ ಗಾಳಿಯಾಡುವಷ್ಟು ಆಡಲಿ. ಮೂರನೆಯದು ಬಚ್ಚಲ ಒಲೆಯ ಮೇಲಿನ ಅಟ್ಟ. ಬಟ್ಟೆ ನಿಜವಾಗಿ ಮನಸ್ಸು ಬದಲಿಸುವುದು ಅಲ್ಲಿ. ಇಷ್ಟಾದರೂ ಹಟ ಬಿಡದ ಕಾಲರು, ನಡುಪಟ್ಟಿ, ಜೇಬುಗಳಿಗೆ ಕೆಂಡದ ಮೇಲೆ ಕವುಚಿದ ಬಿದಿರ ಬುಟ್ಟಿ. ಆ ಬುಟ್ಟಿಯನ್ನು ನಾನು ಕೋಣಂದೂರಿನ ಸಂತೆಯಲ್ಲಿ, ಹೆಣೆಯುವವಳ ಎದುರು ಕೂತು ಬಿಸಿ ಮೇಲೇರಲು ಬೇಕಾದಷ್ಟು ಕಣ್ಣು ಬಿಡಿಸಿಕೊಂಡು ತಂದಿದ್ದೆ. ಕೊನೆಗೆ ಬಟ್ಟೆ ಒಣಗುತ್ತದೆ, ಆದರೆ ಹೊಗೆ ಅದರೊಳಗೆ ಮನೆ ಮಾಡಿಕೊಂಡಿರುತ್ತದೆ. ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನಮ್ಮ ಘಟ್ಟದ ಕಡೆಯವರೋ ಅಲ್ಲವೋ ಎಂದು ತಿಳಿಯಲು ನಾನು ಊರು ಕೇಳುವುದಿಲ್ಲ. ಒಮ್ಮೆ ಉಸಿರೆಳೆದರೆ ಸಾಕು.

ನಮ್ಮ ಸೀಮೆಯೊಳಗೂ ಇದರಲ್ಲಿ ದರ್ಜೆಗಳಿವೆ. ಸಾಗರದ ಮಳೆ ನಡುವೆ ಒಂದು ಗಳಿಗೆ ಬಿಡುವು ಕೊಡುತ್ತದೆ. ತೀರ್ಥಹಳ್ಳಿಯಲ್ಲಿ ಹೊಳೆ ಇಳಿದ ಮೇಲೆ ಬಂಡೆಗಳಾದರೂ ಇವೆ. ಹೊಸನಗರದ ಮಾತು ಬೇರೆ. ಹಾಸ್ಟೆಲಿಗೆ ಸೇರುವ ಮೊದಲು ಅಲ್ಲಿ ನಾನು ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿದ್ದೆ. ಆಗ ಜೂನಿನಲ್ಲಿ ಒಗೆದ ಕಂಬಳಿಯೊಂದು ದಸರೆಯ ಹೊತ್ತಿಗೆ ಒಣಗಿ ನನ್ನ ಕೈಗೆ ಬಂತು. ಕೆಳದಿಯ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಹೊಸನಗರದ ಸೀಮೆಯ ಬಿದನೂರಿಗೆ ಸಾಗಿಸಿದರು ಎಂದು ಓದಿದಾಗಲೆಲ್ಲ ನನಗೆ ಒಂದೇ ಯೋಚನೆ ಬರುತ್ತದೆ. ಕೋಟೆಗೆ ಒಳ್ಳೆಯ ಜಾಗ, ದಟ್ಟ ಕಾಡು, ಶತ್ರು ಸುಲಭವಾಗಿ ಬರಲಾರ, ಎಲ್ಲ ಸರಿ. ಆದರೆ ಆ ತೀರ್ಮಾನ ಮಾಡಿದ ಸಭೆಯಲ್ಲಿ ಒಂದು ಪಂಚೆಯನ್ನಾದರೂ ಒಣಗಿಸಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಸ್ಟೆಲಿನ ಹುಡುಗಿಯರನ್ನು ಇಕ್ಕೇರಿಯ ದೇವಸ್ಥಾನ ನೋಡಲು ಕರೆದುಕೊಂಡು ಹೋದಾಗ ಒಬ್ಬಳು, ಅಷ್ಟು ದೊಡ್ಡ ಸೈನ್ಯದ ಬಟ್ಟೆ ಮಳೆಗಾಲದಲ್ಲಿ ಎಲ್ಲಿ ಒಣಗುತ್ತಿತ್ತು ಎಂದು ಕೇಳಿದ್ದಳು. ಚರಿತ್ರೆಯ ಮೇಷ್ಟ್ರು ಗದರಿಸಿಬಿಟ್ಟರು. ನಾನು ಅವಳಿಗೆ ಸಂಜೆ ಒಂದು ಹೋಳಿಗೆ ಹೆಚ್ಚು ಬಡಿಸಿದೆ.

ಒಣಗಿಸುವವಳಿಗೆ ಮನೆಯ ಸುದ್ದಿ ಯಾರೂ ಹೇಳಬೇಕಾಗಿಲ್ಲ. ಲಂಗದ ಅಂಚಿನ ಹೊಲಿಗೆ ಬಿಚ್ಚಿದ್ದು ಕಂಡರೆ ದೊಡ್ಡವಳು ಉದ್ದವಾದಳು. ಸೆರಗಿನ ತುದಿ ಮುದುಡಿ ಹಿಂಡಿದ ಹಾಗಿದ್ದರೆ ಸುಮಿತ್ರೆ ಹಿಂದಿನ ದಿನ ಯಾವುದೋ ಚಿಂತೆಯಲ್ಲಿದ್ದಳು. ದೊಡ್ಡ ಸಾಹೇಬರ ಕೋಣೆಗೆ ಹೋಗುವ ದಿನ ಮಾತ್ರ ಹಾಕುವ ಬಿಳಿ ಪ್ಯಾಂಟು ಒಗೆಯಲು ಬಿದ್ದರೆ ರಾಘವನಿಗೆ ಕಚೇರಿಯಲ್ಲಿ ಏನೋ ಆಗಿದೆ. ಯಾರಾದರೂ ಬಂದು ಹೇಳಲಿ ಎಂದು ನಾನು ಕಾದು ಕೂರುತ್ತಿರಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದೆ ಎಂದೂ ಅಲ್ಲ.

ಆ ಬಿಳಿ ಪ್ಯಾಂಟು ಈ ಬುಧವಾರದ ಹಿಂದಿನ ವಾರವೇ ಗಳದ ಮೇಲೆ ಬಂದಿತ್ತು. ರಾಘವ ಶರಾವತಿಯ ಅಣೆಕಟ್ಟೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ಕಟ್ಟೆಯ ಕೆಲಸ ಮುಗಿಯುತ್ತ ಬಂದಂತೆ ಅಲ್ಲಿನವರನ್ನು ಒಬ್ಬೊಬ್ಬರಾಗಿ ಬೇರೆ ಕಡೆಗೆ ಕಳಿಸುತ್ತಿದ್ದರು. ಸೋಮವಾರ ಸಂಜೆ ಅವನು ಮನೆಗೆ ಬಂದು, ರಾಯಚೂರಿನ ಕಾಲುವೆ ಕೆಲಸಕ್ಕೆ ವರ್ಗವಾಗಿದೆ, ಆಷಾಢ ಕಳೆದು ಶ್ರಾವಣ ಹುಟ್ಟುವ ಶುಕ್ರವಾರಕ್ಕೆ ಲಾರಿ ಹೇಳಿದ್ದೇನೆ ಎಂದ. ಮಕ್ಕಳು ರಾಯಚೂರು ಎಲ್ಲಿದೆ ಎಂದು ಭೂಪಟ ಬಿಡಿಸಿದರು. ಅವನ ಉತ್ಸಾಹ ಉಕ್ಕುತ್ತಿತ್ತು. ಅಲ್ಲಿಂದ ಬಂದ ಗೆಳೆಯನೊಬ್ಬನಿಂದ ಕೇಳಿದ್ದನ್ನು ನಮಗೆ ಹೇಳಿದ: "ಎರಡನೇ ಸೀರೆ ಹಿಂಡೋದ್ರೊಳಗೆ ಮೊದಲ್ನೇದು ಒಣಗಿರ್ತದಂತೆ. ಇನ್ನು ನಮ್ಮತ್ತೆಗೆ ಪೂರ್ತಿ ರಿಟೈರ್ಮೆಂಟು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಊಟಕ್ಕೆ ಎದ್ದರು.

ವಿದೇಶಗಳಲ್ಲಿ ಬಟ್ಟೆ ಒಣಗಿಸಲು ಒಂದು ಯಂತ್ರವೇ ಇದೆಯಂತೆ. ಅಣೆಕಟ್ಟೆಗೆ ಬಂದಿದ್ದ ಎಂಜಿನಿಯರೊಬ್ಬರ ಹತ್ತಿರ ಅದರ ಚಿತ್ರ ನೋಡಿದ್ದಾಗಿ ರಾಘವ ಹಿಂದೊಮ್ಮೆ ಹೇಳಿದ್ದ. ಪೆಟ್ಟಿಗೆಗೆ ಗುಂಡನೆಯ ಬಾಗಿಲು; ಒದ್ದೆ ಬಟ್ಟೆ ತುಂಬಿ ಗುಂಡಿ ಒತ್ತಿದರೆ ಒಳಗೇ ಹೊರಳಾಡಿ ಬಿಸಿಯಾಗಿ ಹೊರಗೆ ಬರುತ್ತವಂತೆ. ಆಗ ನಾನು ಆ ಪೆಟ್ಟಿಗೆಯೊಳಗೆ ಹೊಗೆ ಹೋಗಲು ದಾರಿ ಎಲ್ಲಿದೆ ಎಂದು ಕೇಳಿದ್ದೆ. ಸೋಮವಾರ ರಾತ್ರಿ ಬೇರೆ ಪ್ರಶ್ನೆ ಬಂತು: ಆ ದೇಶದ ಮನೆಗಳಲ್ಲಿ ಸೋದರತ್ತೆಯರು ಇಡೀ ದಿನ ಏನು ಮಾಡುತ್ತಾರೆ?

ಏಕೆಂದರೆ ರಾಯಚೂರಿಗೆ ನಾನೂ ಹೋಗುವುದು ಎಂದು ಯಾರೂ ಹೇಳಿರಲಿಲ್ಲ. ಹೋಗುವುದಿಲ್ಲ ಎಂದೂ ಹೇಳಿರಲಿಲ್ಲ. ಮಂಗಳವಾರ ಪಾತ್ರೆಗಳ ಮಾತು, ಮಕ್ಕಳ ಶಾಲೆಯ ಮಾತು, ರೊಟ್ಟಿ ತಿನ್ನಬೇಕಾಗುತ್ತದೋ ಅಲ್ಲಿ ಅಕ್ಕಿ ಸಿಗುತ್ತದೋ ಎಂಬ ಮಾತು, ಇವೆಲ್ಲ ನಡೆದವು. ನಾನು ಕಿವಿ ತೆರೆದುಕೊಂಡು ಬಟ್ಟೆ ತಿರುವುತ್ತಿದ್ದೆ. ಕೇಳಿಬಿಡಬಹುದಿತ್ತಲ್ಲ ಎಂದು ನೀವು ಹೇಳಬಹುದು. ಇಷ್ಟು ವರ್ಷ ಹುಡುಗಿಯರಿಗೆ ಕರೆಯದೆ ಯಾರ ಕೋಣೆಗೂ ನುಗ್ಗಬಾರದು ಎಂದು ಪಾಠ ಹೇಳಿದವಳು ನಾನು. ತೀರ್ಥಹಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವಳೊಬ್ಬಳ ಮನೆಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಒಬ್ಬಳಿಗೆ ಸಾಕು. ಮನಸ್ಸಿನಲ್ಲೇ ಆ ಕೋಣೆಗೆ ಒಂದು ಗಳ ಕಟ್ಟಿ ನೋಡಿದೆ. ಒಂದೇ ಒಂದು ಗಳ ಸಾಕಾಯಿತು. ಅದೂ ಅರ್ಧ ಬರಿದಾಗಿಯೇ ಉಳಿಯಿತು.

ಬುಧವಾರದ ಹೊತ್ತಿಗೆ ನನಗೆ ಇದ್ದ ಆಜ್ಞೆ ಸ್ಪಷ್ಟವಾಗಿತ್ತು. ಮನೆಯ ಎಲ್ಲ ಬಟ್ಟೆಯೂ ಸಂಜೆಯೊಳಗೆ ಒಣಗಿ ಟ್ರಂಕು ಸೇರಬೇಕು. ಒದ್ದೆ ಬಟ್ಟೆ ಗಂಟು ಕಟ್ಟಿಕೊಂಡು ಹೊಸ ಮನೆಗೆ ಕಾಲಿಡುವ ಪದ್ಧತಿ ನಮ್ಮಲ್ಲಿಲ್ಲ. ಒದ್ದೆ ಬಟ್ಟೆಯಲ್ಲಿ ಮನೆ ಹೊಗುವುದು ಸುಡುಗಾಡಿನಿಂದ ಬಂದವರು ಮಾತ್ರ. ಬೆಳಗಿನಿಂದಲೇ ಬಚ್ಚಲ ಒಲೆಗೆ ಸೌದೆಯ ದೊಡ್ಡ ಕುಂಟೆ ಇಟ್ಟೆ. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಟ್ಟಕ್ಕೆ, ಅಟ್ಟದಿಂದ ಬುಟ್ಟಿಗೆ, ಬಟ್ಟೆಗಳು ಮೇಲಿನ ತರಗತಿಗೆ ತೇರ್ಗಡೆಯಾಗುತ್ತ ಹೋದವು. ರಾಘವನ ಬಿಳಿ ಪ್ಯಾಂಟಿನ ಜೇಬು ಮೂರು ಸಲ ಫೇಲಾಗಿ ಕೊನೆಗೆ ಪಾಸಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ರಾಘವನ ಬಟ್ಟೆ ಅವನ ಟ್ರಂಕಿನಲ್ಲಿ, ಮಕ್ಕಳ ಬಟ್ಟೆ ಮಕ್ಕಳ ಟ್ರಂಕಿನಲ್ಲಿ, ಸುಮಿತ್ರೆಯ ಸೀರೆಗಳು ಅವಳ ಹಸಿರು ಟ್ರಂಕಿನಲ್ಲಿ ಕೂತವು.

ನಡುಮನೆಯ ಗಳದ ಮೇಲೆ ಉಳಿದದ್ದು ನನ್ನ ಮೂರು ಬಿಳಿ ಸೀರೆಗಳು. ಅವೂ ಒಣಗಿದ್ದವು. ಆದರೆ ಅವುಗಳನ್ನು ಇಳಿಸಿದರೆ ಎಲ್ಲಾದರೂ ಇಡಬೇಕಲ್ಲ? ನಾನು ತಂದಿದ್ದ ಹಳೆಯ ಪೆಟ್ಟಿಗೆ ಒಳಕೋಣೆಯ ಅಟ್ಟದ ಮೇಲಿತ್ತು. ಅದನ್ನು ಇಳಿಸಿದರೆ ತೀರ್ಥಹಳ್ಳಿಗೆ ಹೊರಟೆ ಎಂದು ನಾನೇ ಹೇಳಿದಂತಾಗುತ್ತದೆ. ಟ್ರಂಕುಗಳಿಗೆ ಹಾಕಿದರೆ ಕರೆಯದೆ ಹೊರಟಂತಾಗುತ್ತದೆ. ಒಣಗಿದ ಬಟ್ಟೆಯನ್ನು ಗಳದ ಮೇಲೆ ಬಿಟ್ಟವರಿಗೆ ನಾನು ಹಾಸ್ಟೆಲಿನಲ್ಲಿ ದಂಡ ಹಾಕುತ್ತಿದ್ದೆ. ಆ ದಿನ ಮಧ್ಯಾಹ್ನವೆಲ್ಲ, ಒಣಗಿದ ಸೀರೆಗಳನ್ನು ಮಗ್ಗುಲಿನಿಂದ ಮಗ್ಗುಲಿಗೆ ತಿರುವಿ ಹಾಕುತ್ತ ಕಾಲ ಕಳೆದೆ.

ಸಂಜೆ ಸುಮಿತ್ರೆ ಬಚ್ಚಲಿನಿಂದ ಸೌದೆ ಎತ್ತಿಕೊಂಡು ನಡುಮನೆಗೆ ಬಂದಳು.

"ಅತ್ತೆಮ್ಮ, ನಿಮ್ಮ ಸೀರೆ ಎಂತಕ್ಕೆ ಇನ್ನೂ ಅಲ್ಲೇ ಇದೆ?"

"ಒಣಗಿಲ್ಲ," ಎಂದೆ.

ಅವಳು ಸೌದೆ ಕೆಳಗಿಟ್ಟಳು. ಒಂದು ಸೀರೆಯ ಸೆರಗು ಎಳೆದು ಕೆನ್ನೆಗೆ ಒತ್ತಿಕೊಂಡಳು. ಬೆರಳು ತಣ್ಣಗಿದ್ದರೆ ಒಣಗಿದ್ದೂ ಒದ್ದೆ ಎನಿಸುತ್ತದೆ, ಕೆನ್ನೆಗೆ ಮೋಸವಾಗದು ಎಂದು ಅವಳಿಗೆ ಕಲಿಸಿದವಳು ನಾನೇ. ಕಲಿಸಬಾರದಿತ್ತು.

"ಬೆಳಿಗ್ಗೆನೇ ಒಣಗಿದಂಗಿದೆ ಇದು."

ನಾನು ಬಚ್ಚಲ ಒಲೆಯ ಕಡೆ ನೋಡುತ್ತ, ಬೇಡಬೇಡವೆಂದುಕೊಂಡರೂ ಹೇಳಿಬಿಟ್ಟೆ: "ಬಾ ಅಂತ ಯಾರೂ ಹೇಳ್ಲಿಲ್ವಲ್ಲೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದು ನಟನೆಯಲ್ಲ, ಅವಳಿಗೆ ನಟಿಸಲು ಬರುವುದಿಲ್ಲ. "ಮನೆಯೋರನ್ನ ಬರ್ತೀರಾ ಅಂತ ಯಾರಾದ್ರೂ ಕೇಳ್ತಾರಾ?" ಎಂದಳು. "ಮಕ್ಕಳನ್ನ ಕೇಳಿದ್ವಾ? ನಿಮ್ಮ ಅಣ್ಣನ ಮಗ ನನ್ನಾದ್ರೂ ಕೇಳಿದ್ರಾ? ಸೋಮವಾರ ಬಂದು ಲಾರಿ ಹೇಳಿದೀನಿ ಅಂದ್ರು. ಅಷ್ಟೇ."

ಕೊನೆಯ ಮಾತು ಹೇಳುವಾಗ ಅವಳ ಸೆರಗಿನ ತುದಿ ಬೆರಳಿಗೆ ಸುತ್ತಿ ಮುದುಡಿಹೋಗಿತ್ತು. ನಾಳೆ ಅದನ್ನು ಗಳದ ಮೇಲೆ ಕಾಣಬೇಕಾದವಳು ನಾನು. ಆ ದಿನ ಮೊದಲ ಸಲ ಅವಳ ಕೈಯಲ್ಲೇ ಕಂಡೆ. ಅಲ್ಲಿಯವರೆಗೆ, ತಮ್ಮನ್ನು ಯಾರೂ ಒಂದು ಮಾತು ಕೇಳದೆ ಇರುವುದು ಹೊರಗಿನವರ ಪಾಡು ಎಂದುಕೊಂಡಿದ್ದೆ. ಒಳಗಿನವರ ಪಾಡೂ ಅದೇ ಎಂದು ನನಗೆ ಹೊಳೆದಿರಲಿಲ್ಲ.

"ಅಲ್ಲಿ ನಂಗೆ ಕೆಲಸ ಎಂತ ಇರ್ತದೆ ಸುಮಿತ್ರೆ?"

"ಇಲ್ದಿದ್ರೆ ಕೂತ್ಕೊಳ್ಳಿ," ಎಂದಳು. "ಎಲ್ಲರ ಮನೇಲೂ ಅತ್ತೆಯೋರು ಕೂರ್ತಾರೆ. ನೀವು ಬರದಿದ್ರೆ ಹಗಲೊತ್ತು ಆ ಊರಲ್ಲಿ ನಾನು ಯಾರ ಹತ್ರ ಜಗಳ ಆಡ್ಲಿ?"

ಹೀಗೆ ಹೇಳಿ, ನನ್ನ ಮೂರು ಸೀರೆಗಳನ್ನೂ ಗಳದಿಂದ ಎಳೆದುಕೊಂಡು, ಹೇಗೋ ನಾಲ್ಕು ಮಡಿಕೆ ಮಾಡಿ, ತನ್ನ ಟ್ರಂಕಿಗೆ ತುರುಕಿ, ಸೌದೆ ಎತ್ತಿಕೊಂಡು ದೀಪ ಹಚ್ಚಲು ಹೋದಳು.

ಕೂರುವುದು ಎಂದರೆ ಸಣ್ಣ ಕೆಲಸವಲ್ಲ. ಯಾವ ಹುದ್ದೆಯೂ ಇಲ್ಲದೆ, ಗಂಟೆಯೂ ಇಲ್ಲದೆ, ಕೈಯಲ್ಲಿ ಒದ್ದೆ ಬಟ್ಟೆಯೂ ಇಲ್ಲದೆ ಒಂದು ಮನೆಯಲ್ಲಿ ಸುಮ್ಮನೆ ಕೂರುವುದನ್ನು ನನಗೆ ಯಾರೂ ಕಲಿಸಿಲ್ಲ. ಈ ವಯಸ್ಸಿನಲ್ಲಿ, ಅದೂ ಬಿಸಿಲೂರಿನಲ್ಲಿ, ಮೊದಲಿನಿಂದ ಕಲಿಯಬೇಕು. ಕೆಲಸ ಇದ್ದಷ್ಟು ಕಾಲ, ಇವರಿಗೆ ನಾನು ಬೇಕೋ ನನ್ನ ಕೆಲಸ ಬೇಕೋ ಎಂದು ವಿಚಾರಿಸುವ ಸಂದರ್ಭವೇ ಬರಲಿಲ್ಲ. ಅಲ್ಲಿ ಬರುತ್ತದೆ. ಉತ್ತರ ಏನಿದ್ದರೂ, ನಾನು ಮರೆಯಾಗಿ ನಿಲ್ಲಲು ಗಳದ ಮೇಲೆ ಒಂದು ಸೀರೆಯೂ ಹೆಚ್ಚು ಹೊತ್ತು ಇರುವುದಿಲ್ಲ.

ಟ್ರಂಕಿನ ಬಳಿ ಕೂತು ಒಳಗೆ ನೋಡಿದೆ. ಸುಮಿತ್ರೆಯ ಮಡಿಕೆ ಸಹಿಸುವಂತಿರಲಿಲ್ಲ. ಅಂಚು ಒಂದು ಕಡೆ, ಸೆರಗು ಒಂದು ಕಡೆ. ಮೂರನ್ನೂ ಹೊರಗೆ ತೆಗೆದೆ. ಕೆಲವು ಕ್ಷಣ ಅವು ನನ್ನ ತೊಡೆಯ ಮೇಲೆಯೇ ಇದ್ದವು. ಆಮೇಲೆ ಅಂಚಿಗೆ ಅಂಚು ಕೂಡಿಸಿ, ನೀಟಾಗಿ ಮಡಿಸಿ, ಅವಳ ಸೀರೆಗಳನ್ನು ಸ್ವಲ್ಪ ಸರಿಸಿ ಅವುಗಳ ಪಕ್ಕದಲ್ಲೇ ಇಟ್ಟೆ. ಮುಚ್ಚಳ ಹಾಕಿ ಕೊಂಡಿ ಸಿಕ್ಕಿಸಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.