ಕಾಣದೆ ಹೋದ ಗುಡಿಸು

ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಆ ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಮೂರು ಹೆಜ್ಜೆ ಅಗಲ, ನಾಲ್ಕು ಹೆಜ್ಜೆ ಉದ್ದ. ಹತ್ತೊಂಬತ್ತು ವರ್ಷ ಅದರೊಳಗೆ ಕೂತು ಓದಿದವಳಿಗೆ ಹೆತ್ತವರಿಟ್ಟ ಹೆಸರು ಮರೆತೇಹೋಗಿ, ಎಲ್ಲರ ಬಾಯಲ್ಲೂ ‘ಓದಮ್ಮ’ ಎಂದೇ ಉಳಿದಿತ್ತು. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದಳು, ಗಂಡ ತೀರಿಕೊಂಡ, ಮಂಡಿ ಹಿಡಿದುಕೊಂಡಿತು. ವಾರಕ್ಕೆ ಮೂರು ದಿನದ ಓದು ಮಾತ್ರ ತಪ್ಪಲಿಲ್ಲ. ಕೆಮ್ಮು ಬಂದರೆ ಪುಟ ಮುಗಿಯುವವರೆಗೆ ನುಂಗಿಕೊಳ್ಳುವ ಹಠ ಅವಳದು.

ಎರಡು ತಿಂಗಳಿಂದ ಅಕ್ಷರಗಳು ಮಸುಕಾಗುತ್ತಿದ್ದವು. ಹೇಳಿದರೆ ಕುರ್ಚಿ ಹೋಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ದೀಪವನ್ನು ಹತ್ತಿರಕ್ಕೆಳೆದುಕೊಂಡು, ಕಾಣದ್ದನ್ನು ಅಂದಾಜಿನ ಮೇಲೆ ದಾಟಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಂಧ ಮಕ್ಕಳ ಶಾಲೆಯ ವಿಜ್ಞಾನದ ಮೇಡಂ ಕೋಲು ತಟ್ಟುತ್ತ ಬಂದರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ. ಓದಮ್ಮ ಆಗಿನ್ನೂ ಕೋಣೆಯ ಗಾಜಿನ ಕಿಟಕಿಯ ಹೊರಗೆ, ಧ್ವನಿಮುದ್ರಣದ ಮೆಷಿನಿನ ಪಕ್ಕ ಪುಸ್ತಕ ಹಿಡಿದು ನಿಂತಿದ್ದಳು.

“ಓದಮ್ಮಾ, ನಿಮ್ಮಿಂದಾಗಿ ನನ್ನ ಮಕ್ಕಳೆಲ್ಲ ಗೆಲಾಕ್ಸಿಗೆ ಬೆಂಕಿ ಹಚ್ಚಿ ಕೂತಿದಾರೆ!”

“ಅಯ್ಯೋ, ನಾನೇನು ಮಾಡಿದೆ ತಾಯಿ?”

“ಗೆಲಾಕ್ಸಿ ಸುತ್ತ ಬಿಸಿ ಅನಲ ಇದೆ ಅಂತ ಓದಿದೀರಿ. ಒಂದು ಸಲ ಆದ್ರೆ ಸರಿ, ಹನ್ನೊಂದು ಸಲ! ಅದು ಅನಿಲ ಅಲ್ವಾ?”

ಓದಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟಳು. “ಲಕ್ಷಗಟ್ಟಲೆ ಡಿಗ್ರಿ ಬಿಸಿ ಅಂದ್ಮೇಲೆ ಬೆಂಕಿ ಅಲ್ದೆ ಇನ್ನೇನು ಅಂದ್ಕೊಂಡೆ.”

“ಬಿಸಿ ಹೌದು. ಆದ್ರೆ ಎಷ್ಟು ತೆಳು ಅಂದ್ರೆ, ನೀವು ಓದೋ ಕೋಣೆಯಷ್ಟು ಜಾಗದಲ್ಲಿ ಒಂದೆರಡು ಸಾವಿರ ಕಣ ಇದ್ರೆ ಅದೇ ಹೆಚ್ಚು. ಕೈ ಚಾಚಿದ್ರೂ ಬಿಸಿ ತಾಕಲ್ಲ. ಅದೇ ಅನಿಲ ನಿಧಾನಕ್ಕೆ ತಣ್ಣಗಾಗಿ ಒಳಗಿಳಿದ್ರೆ ಹೊಸ ನಕ್ಷತ್ರ ಹುಟ್ಟುತ್ವೆ. ದೊಡ್ಡ ನಕ್ಷತ್ರ ಸಿಡಿದಾಗ ಒಂದಷ್ಟು ಮತ್ತೆ ಹೊರಗೆ ಹೋಗುತ್ತೆ. ಹೀಗೆ ಹೋಗ್ತಾ ಬರ್ತಾ ಗೆಲಾಕ್ಸಿ ಬೆಳೆಯೋದು. ಇಳಿಯೋದು ನಿಂತ್ರೆ ಹೆರಿಗೆಯೂ ನಿಂತು, ಇದ್ದ ನಕ್ಷತ್ರಗಳ ಜೊತೆ ಮುದಿಯಾಗುತ್ತೆ. ಸಾಕೋ ತಾಯಿಯನ್ನ ನೀವು ಬೆಂಕಿ ಮಾಡಿಬಿಟ್ರಿ.”

ಮೆಷಿನಿನ ಮುಂದೆ ಕೂತಿದ್ದವನು ಓದಮ್ಮನ ತಂಗಿಯ ಮಗ, ನಲವತ್ತು ದಾಟಿದವನು. ಶಬ್ದ ಏರಿತೋ ಇಳಿಯಿತೋ ನೋಡುವುದೇ ಅವನ ಕೆಲಸ; ಅರ್ಥದ ಗೊಡವೆಗೆ ಹೋದವನಲ್ಲ. “ದೊಡ್ಡಮ್ಮ ತಪ್ಪು ಓದೋರಲ್ಲ ಮೇಡಂ. ಅಚ್ಚಿನ ತಪ್ಪೇ ಇರ್ಬೇಕು,” ಎಂದು ಪುಸ್ತಕಕ್ಕೆ ಕೈ ಚಾಚಿದ.

ಹೂಂ ಅಂದುಬಿಡಬಹುದಿತ್ತು. ನೋಡೋದೇನು ಬಿಡೋ ಎಂದರೆ ಅವನು ನೋಡುತ್ತಲೂ ಇರಲಿಲ್ಲ. ಓದಮ್ಮ ಪುಸ್ತಕದ ಮೇಲೆ ಅಂಗೈ ಊರಿದಳು.

“ಪುಸ್ತಕ ಸರಿಯಾಗೇ ಇದೆ ಕಣೋ. ನನಗೆ ಗುಡಿಸು ಕಾಣ್ಲಿಲ್ಲ.”

“ಎಷ್ಟು ದಿನದಿಂದ ದೊಡ್ಡಮ್ಮ?”

“ಎರಡು ತಿಂಗಳು. ಈಚೆಗೆ ಓದಿದ್ದನ್ನೆಲ್ಲ ಮತ್ತೆ ಕೇಳಿ ನೋಡ್ಬೇಕು.”

ಮೇಡಂ ನಕ್ಕರು. “ಕಣ್ಣು ಕಾಣಲ್ಲ ಅನ್ನೋದನ್ನ ನನ್ನ ಮುಂದೆ ಮುಚ್ಚಿಡ್ತಿದ್ರಾ? ಚೆನ್ನಾಗಿದೆ! ಪೊರೆ ಬಂದಿದ್ರೆ ತೆಗೆಸ್ಕೊಳ್ಳಿ.”

“ಅಲ್ಲೀವರೆಗೆ ಬೇರೆ ಯಾರಾದ್ರೂ ಓದ್ಲಿ ದೊಡ್ಡಮ್ಮ,” ಎಂದ ಅವನು ಮೆಲ್ಲಗೆ.

ಹೆದರಿದ್ದ ಮಾತು ಬಂದೇ ಬಂತು. ಓದಮ್ಮ ಸೆರಗಿನಿಂದ ಕನ್ನಡಕ ಒರೆಸಿದಳು, ಹಾಕಿಕೊಳ್ಳದೆ ಮಡಚಿಟ್ಟಳು. “ಬೇರೆಯವರು ಸಿಗೋವರೆಗೆ ಮಕ್ಕಳು ಬೆಂಕೀಲೇ ಇರ್ಬೇಕಾ? ಆ ಪಾಠ ಇವತ್ತೇ ನೀನು ಓದು. ನಾನಿಲ್ಲಿ ಕೇಳಿಸ್ಕೊಳ್ತೀನಿ.”

ಅವನು ಗೊಣಗುತ್ತ ಒಳಗೆ ಹೋಗಿ ಅವಳ ಕುರ್ಚಿಯಲ್ಲಿ ಕೂತ. ಅವಳು ಹೊರಗೆ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದಳು. ‘ಗೆಲಾಕ್ಸಿಯ ಸುತ್ತ ಬಿಸಿ ಅನಿಲ...’ ಗುಡಿಸು ಸರಿಯಾಗಿ ಬಿತ್ತು. ಸಾಲು ಮುಗಿಯುವ ಮೊದಲೇ ಅವಳು ಗಾಜು ತಟ್ಟಿದಳು.

“ಮೂಗಲ್ಲಿ ಓದ್ತೀಯಲ್ಲೋ! ಬಾಯಿ ಬಿಡು. ಮೊದಲಿಂದ.”