ಹತ್ತು ಕೆರೆ ನೀರು ಕುಡಿದ ಆವಲಪ್ಪ

ಹತ್ತು ಕೆರೆ ನೀರು ಕುಡಿದವನು ಅಂತ ನಮ್ಮಲ್ಲಿ ಯಾರನ್ನು ಕರೆಯುತ್ತಾರೆ? ನಾಲ್ಕು ಕಡೆ ದುಡಿದು, ನಾನಾ ಥರದ ಜನರನ್ನು ಕಂಡು ಪಳಗಿದವನನ್ನು. ಹಿಂದೆ ಹೊಟ್ಟೆಪಾಡಿಗೆ ಊರೂರು ಸುತ್ತುವವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಆಯಾ ಊರಿನ ಕೆರೆ ಏರಿಯ ಮೇಲೆ. ಮಾತು ಅಲ್ಲಿಂದಲೇ ಬಂದಿರಬೇಕು ಅಂತ ಮಾದನಾಯಕನಹಳ್ಳಿಯ ಹಿರಿಯರು ಹೇಳುತ್ತಿದ್ದರು. ಆ ಊರಿನಲ್ಲಿ ಈ ಹೊಗಳಿಕೆ ಸಂಪಾದಿಸಿದವನು ಆವಲಪ್ಪ. ರೇಷ್ಮೆ ನೂಲು ತೆಗೆದ, ಇಟ್ಟಿಗೆ ಸುಟ್ಟ, ಕಲ್ಲು ಒಡೆದ, ಲಾರಿ ತೊಳೆದ, ಬಾವಿ ತೋಡಿದ. ಕೊನೆಗೆ ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ದಿನಗೂಲಿಗೆ ಸೇರಿದ. ಅಯ್ಯೋ, ಆ ಹೊಗಳಿಕೆಯೇ ಅವನ ಕುತ್ತಿಗೆಗೆ ಬಂತು ನೋಡಿ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವನ ಹೆಂಡತಿ ಅಂಜಿನಮ್ಮನ ಎದೆಯ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಕೆಲಸ ಪರ್ಮನೆಂಟ್ ಆದರೆ ಹೆಂಡತಿಯ ಆಪರೇಷನ್ ಖರ್ಚೂ ಕಾರ್ಖಾನೆಯದೇ. ಅದೇ ತಿಂಗಳು ಒಂದು ಜಾಗ ಖಾಲಿಯಾಗಿ, ಆವಲಪ್ಪನಿಗೆ ಇಂಟರ್‌ವ್ಯೂಗೆ ಕರೆ ಬಂತು.

"ಒಂದೂ ಬಿಡ್ದಂಗೆ ಎಲ್ಲಾ ಕೆಲ್ಸಾನೂ ಯೋಳ್ಬುಡಿ. ನಿಮ್ಮಷ್ಟು ಗೊತ್ತಿರೋರು ಇನ್ಯಾರವ್ರೆ?" ಅಂದಳು ಅಂಜಿನಮ್ಮ, ಏದುಸಿರು ಬಿಡುತ್ತಲೇ ಅವನ ಅಂಗಿಯ ಗುಂಡಿ ಹಾಕುತ್ತಾ. ಇಂಟರ್‌ವ್ಯೂನಲ್ಲಿ ಅವನು ಹಾಗೇ ಹೇಳಿದ. ಪಾಪ, ಎದೆ ಉಬ್ಬಿಸಿಕೊಂಡು ಹೇಳಿದ.

ಸಾಹೇಬರು ಪೆನ್ನು ಕೆಳಗಿಟ್ಟರು. "ಹನ್ನೆರಡು ವರ್ಷದಲ್ಲಿ ಐದು ಕೆಲ್ಸ ಬಿಟ್ಟಿದ್ದೀಯಲ್ಲಯ್ಯ! ಇಲ್ಲಿ ಎಷ್ಟು ದಿನ ನಿಲ್ತೀಯ?"

"ನಾನ್ ಬುಡ್ಲಿಲ್ಲ ಸಾರ್. ಇಟ್ಟಿಗೆ ಗೂಡು ಮುಚ್ಚಿದ್ರು, ಕ್ವಾರಿ ನಿಂತೋಯ್ತು..."

"ಒಂದೇ ಕಡೆ ನಿಂತೋರು ಬೇಕು ನಮಗೆ. ಹೋಗು."

ಜಾಗ ಬೇರೆಯವನ ಪಾಲಾಯಿತು. ಆವಲಪ್ಪ ತುಮಕೂರು ರಸ್ತೆಯಲ್ಲಿ ಬಸ್ಸು ಬಂದರೂ ಹತ್ತದೆ ನಡೆದೇ ಬಂದ. ತಾನು ಹೇಳಿಕೊಟ್ಟದ್ದೇ ಮುಳುವಾಯಿತು ಅಂತ ಅಂಜಿನಮ್ಮನಿಗೆ ಗೊತ್ತಾದರೆ ಅವಳು ಅದೇ ಕೊರಗಿನಲ್ಲಿ ಸಾಯುತ್ತಾಳೆ ಅನ್ನುವುದು ಅವನ ಸಂಕಟ.

ಬಾಗಿಲಲ್ಲೇ ಕೇಳಿದಳು, "ಎಲ್ಲಾ ಯೋಳಿದ್ರಾ?"

"ಇಲ್ಲ ಕಣೇ. ಸಾಹೇಬ್ರನ್ನ ನೋಡಿ ನಾಲ್ಗೇನೇ ಏಳ್ಲಿಲ್ಲ. ಎರಡೇ ಯೋಳ್ದೆ. ಕೆಲ್ಸ ಕೈ ಬಿಟ್ಟೋಯ್ತು" ಅಂದ.

ಅಂಜಿನಮ್ಮ ಗೋಡೆಗೊರಗಿ ಕೂತು ಗೊಳೋ ಎಂದು ಅತ್ತಳು. "ನನ್ ಜೀವ ಉಳಿಸ್ಕಳಕ್ಕೆ ಅಷ್ಟು ಮಾತೂ ಆಡಕ್ಕಾಗ್ಲಿಲ್ವಾ ನಿಮಗೆ?"

ಆವಲಪ್ಪ ತಲೆ ತಗ್ಗಿಸಿ ಬೈಸಿಕೊಂಡ. ಆಷಾಢ ಕಳೆಯುವುದರೊಳಗೆ ಅವಳು ತೀರಿಕೊಂಡಳು. ಗಂಡನ ಮೇಲಿನ ಆ ಸಿಟ್ಟು ಅವಳಿಗೆ ಕೊನೆಗೂ ಹೋಗಲಿಲ್ಲ. ಅವನೂ ನಿಜ ಹೇಳಲಿಲ್ಲ.