ಸೊಟ್ಟ ಓಡಿದ ಬ್ಲೇಡು

ಹಲಸಿನ ಮರ ಕೊಯ್ಯುವ ವಾಸನೆ ಎಲ್ಲಿಂದ ಬಂದರೂ ಮೂಗಿಗಿಂತ ಮೊದಲು ನನ್ನ ಹೊಟ್ಟೆಗೆ ಗೊತ್ತಾಗುತ್ತದೆ. ಮೊನ್ನೆ ಕಾಲೇಜು ಬಸ್ಸಿನ ಕಿಟಕಿಯಿಂದ ಬಂತು. ಪುತ್ತಿಗೆಯ ನಮ್ಮ ಶೆಡ್ಡು, ಅದರ ನಡುವೆ ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಓಡಿಸಿ ಮರ ಕೊಯ್ಯುವ ಬ್ಯಾಂಡ್‌ಸಾ ಮೆಷಿನು, ಮೆಷಿನಿಗಿಂತ ಜಾಸ್ತಿ ಸದ್ದು ಮಾಡುವ ಅಜ್ಜ, ಎಲ್ಲ ಬಂದು ಪಕ್ಕದ ಸೀಟಿನಲ್ಲಿ ಕೂತ ಹಾಗಾಯಿತು. ಅಜ್ಜನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿದೆ ಎಂದರೆ ಚಮಚ ತೋರಿಸು ಎನ್ನುವವರು. ಹೊಸ ಬ್ಲೇಡು ಹಾಕುವ ದಿನ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡು, ಮೇಲಿನ ಚಕ್ರವನ್ನು ಕೈಯಿಂದ ಮೆಲ್ಲ ತಿರುಗಿಸುತ್ತ, ಬ್ಲೇಡು ಚಕ್ರದ ರಬ್ಬರಿನ ನಟ್ಟನಡುವೆ ಓಡುತ್ತದೋ ಎಂದು ಕಳ್ಳನನ್ನು ನೋಡುವಂತೆ ನೋಡುತ್ತಿದ್ದರು. ಕೂದಲೆಳೆ ಸರಿದರೂ ಚಕ್ರದ ಹಿಂದಿನ ಸ್ಕ್ರೂ ತಿರುಗಿಸಿ ನಡುವಿಗೆ ತರುವವರು. ಬ್ಲೇಡಿಗೂ ಅದನ್ನು ನೇರ ಹಿಡಿಯುವ ಗೈಡಿಗೂ ನಡುವಿನ ಸಂದು ಅಳೆಯಲು ಮದುವೆ ಕಾಗದದ ತುಂಡೇ ಆಗಬೇಕು. ಹಾಗಾಗಿ ಯಾರ ಮದುವೆ ಯಾವತ್ತು ಎಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ನನಗೆ ಒಂಬತ್ತಾದ ವರ್ಷ, ಅಜ್ಜ ತಾವೇ ಹದಮಾಡಿಟ್ಟ ಮೆಷಿನಿನಲ್ಲಿ ಆಯುಧಪೂಜೆಯ ಮರುದಿನ ಬ್ಲೇಡು ಸೊಟ್ಟ ಓಡಿತು. ಗಿರಾಕಿಯ ಬಾಗಿಲಿನ ಹಲಗೆ ಬಾಳೆಕಾಯಿಯ ಆಕಾರಕ್ಕೆ ಬಂತು. ಅಜ್ಜನ ಮಗ ಸುಂದರ ಮಾವನಿಗೆ ವಿಟ್ಲದಲ್ಲಿ ಬೇರೆ ಶೆಡ್ಡು ಹಾಕುವ ಆಸೆಯಿತ್ತು. ಅಜ್ಜನ ಸಂಶಯಕ್ಕೆ ಅಷ್ಟು ಸಾಕಾಯಿತು.

"ಚಕ್ರದ ಹಿಂದಿನ ಸ್ಕ್ರೂ ತಿರುಗಿಸಿದ್ದು ಯಾರು?"

"ನಾನು ಮುಟ್ಲೇ ಇಲ್ಲ ಅಪ್ಪ. ಹೊರಗಿನ ಧೂಳು ಒರೆಸಿದ್ದು ಅಷ್ಟೆ."

"ಮುಟ್ಟದೆ ಒರೆಸ್ಲಿಕ್ಕೆ ನೀನೆಂತ ಗಾಳಿಯಾ ಮಾರಾಯ?"

ಇಷ್ಟು ಒಳ್ಳೆಯ ಸಭೆ ಬಿಟ್ಟರೆ ಇನ್ನು ಸಿಗಲಿಕ್ಕಿಲ್ಲ ಎಂದು ನಾನು ನುಗ್ಗಿದೆ. "ನಾನು ನೋಡಿದ್ದೇನೆ ಅಜ್ಜ! ಮಾವ ನಾಲಗೆ ಹೊರಗೆ ಹಾಕಿ, ಎರಡು ಕೈಯಲ್ಲಿ ಹತ್ತು ಸುತ್ತು ತಿರುಗಿಸಿದ್ರು!" ನಾನು ನೋಡಿದ್ದು ಮಾವನ ಕೈಯ ಒರೆಸುವ ಬಟ್ಟೆ ಮಾತ್ರ. ಶೆಡ್ಡಿನವರೆಲ್ಲ ನಕ್ಕರು, ಮಾವನೂ ನಕ್ಕರು. ಅಜ್ಜ ನಗಲಿಲ್ಲ. "ನಾಳೆಯಿಂದ ನೀನು ಇಲ್ಲಿಗೆ ಬರ್ಬೇಡ," ಎಂದು ಮಾವನಿಗೆ ಹೇಳಿದರು.

ಮಾವ ವಿಟ್ಲಕ್ಕೆ ಹೋದ ಮೇಲೂ ಬ್ಲೇಡು ಸೊಟ್ಟಗೇ ಓಡುತ್ತಿತ್ತು. ತಿಂಗಳ ನಂತರ ಅಜ್ಜ ರಬ್ಬರ್ ಬದಲಿಸಲು ಮೇಲಿನ ಚಕ್ರ ಬಿಚ್ಚಿದರು. ರಬ್ಬರಿನ ಮೇಲೆ ಮೂರು ಬೆರಳಿನಲ್ಲಿ ಎಳೆದ ಪೂಜೆಯ ಗಂಧ, ಅದಕ್ಕೆ ಮರದ ಹುಡಿ ಹಿಡಿದು ಕಲ್ಲಾಗಿತ್ತು. ಪ್ರತಿ ಸುತ್ತಿಗೂ ಬ್ಲೇಡು ಅದನ್ನು ಹತ್ತಿ ಜಾರುತ್ತಿತ್ತು. ಪೂಜೆಯಲ್ಲಿ ಗಂಧ ಹಚ್ಚುವ ಕೆಲಸವನ್ನೂ ಅಜ್ಜ ಯಾರಿಗೂ ನಂಬಿ ಕೊಟ್ಟವರಲ್ಲ. ಉಗುರಿನಿಂದ ಕೆರೆದು ತೆಗೆದು, ಮಾವನಿಗೆ ಫೋನು ಮಾಡಿದರು.

"ಮೆಷಿನು ಸರಿಯಾಯ್ತು ಸುಂದರ. ಬರ್ತೀಯಾ?"

"ಎಂತ ಆಗಿತ್ತು ಅಪ್ಪ?"

ಅಜ್ಜ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಎಂತದೋ ಸಿಕ್ಕಿಕೊಂಡಿತ್ತು."

"ಇಲ್ಲಿ ಕೆಲಸ ಉಂಟು. ನೋಡುವ."

ಮಾವ ಬಂದದ್ದು ವರ್ಷಗಳ ನಂತರ, ಅಜ್ಜ ತೀರಿಕೊಂಡು ಅವರ ಉತ್ತರಕ್ರಿಯೆಯ ಬೊಜ್ಜಕ್ಕೆ. ಶೆಡ್ಡಿನ ಜಾಗದಲ್ಲಿ ಆಗ ಊಟಕ್ಕೆ ಚಪ್ಪರ ಹಾಕಿದ್ದರು. ನನ್ನನ್ನು ಕಂಡು, "ಎಷ್ಟು ಉದ್ದ ಆಗಿದ್ದಿ ಮಾರಾಯ್ತಿ!" ಎಂದರು. ಅವತ್ತು ಅಜ್ಜನಿಗೆ ಹೇಳಿದ್ದು ಸುಳ್ಳೆಂದು ಇವತ್ತು ಹೇಳಿಬಿಡಬೇಕೆಂದು ಹತ್ತಿರ ಕೂತೆ. ಮಾವ ತಮ್ಮ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದರು. ನಾನು ತಿಂದೆ. ವಿಟ್ಲದ ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದರು.